ನಿಮ್ಮ ಮೊಬೈಲ್ ನಂಬರ್ ಅವಿಭಾಜ್ಯವೇ? ನೀವೇ ನೋಡಿಕೊಳ್ಳುವ ಬಗೆ

ಡೊಂಬಿವಲಿಯಲ್ಲಿ ಭಾನುವಾರ ನಮ್ಮ ಕನ್ನಡದ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಅವಿಭಾಜ್ಯ ಸಂಖ್ಯೆಯ ಪಾಠ ಬಂದ ದಿನ ಪ್ರಶ್ನೆ ಒಂದೇ: "ಸರ್, ನನ್ನ ಮೊಬೈಲ್ ನಂಬರ್ ಅವಿಭಾಜ್ಯವಾ? ನೋಡೋದು ಹೇಗೆ?" ಮಕ್ಕಳನ್ನು ಕರೆದುಕೊಂಡು ಹೋಗಲು ಬಂದ ಅಪ್ಪ ಅಮ್ಮಂದಿರೂ ಅದನ್ನೇ ಕೇಳುತ್ತಾರೆ. ಬಾಯಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಹಾಗಾಗಿ ಪೂರ್ತಿ ಇಲ್ಲಿ ಬರೆಯುತ್ತಿದ್ದೇನೆ.

ಪ್ರಶ್ನೆ ಒಳ್ಳೆಯದು. ಹತ್ತು ಅಂಕಿಯ ಸಂಖ್ಯೆ ಅಂದರೆ ಕೈಲೆಕ್ಕಕ್ಕೆ ಜಾಸ್ತಿ ದೊಡ್ಡದು, ಕಂಪ್ಯೂಟರಿಗೆ ತೀರಾ ಚಿಕ್ಕದು. ನಡುವಿನ ಈ ಜಾಗದಲ್ಲೇ ಗಣಿತದ ರುಚಿ ಇರುವುದು.

ಮೊದಲು ಎರಡು ಪದ. 1ಕ್ಕಿಂತ ದೊಡ್ಡದಾಗಿದ್ದು, 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆ ಅವಿಭಾಜ್ಯ. 2, 3, 5, 7, 11, 13 ಹೀಗೆ. ಮಿಕ್ಕವು ಸಂಯುಕ್ತ ಸಂಖ್ಯೆಗಳು. 1 ಎರಡರಲ್ಲೂ ಸೇರುವುದಿಲ್ಲ. ಮರಾಠಿ ಶಾಲೆಗೆ ಹೋಗುವ ಮಕ್ಕಳು ಅವಿಭಾಜ್ಯಕ್ಕೆ 'ಮೂಳ ಸಂಖ್ಯಾ' ಎನ್ನುತ್ತಾರೆ. ವರ್ಗಮೂಲಕ್ಕೆ ಅಲ್ಲಿ 'ವರ್ಗಮೂಳ' ಎಂಬ ಪದ. ಎರಡೂ ಕಡೆ 'ಮೂಳ' ಇರುವುದರಿಂದ ಮಕ್ಕಳು ಗೊಂದಲ ಮಾಡಿಕೊಳ್ಳುವುದನ್ನು ನಾನು ಬಹಳ ಸಲ ನೋಡಿದ್ದೇನೆ. ಎರಡಕ್ಕೂ ಸಂಬಂಧವಿಲ್ಲ ಎಂದು ಮೊದಲೇ ಹೇಳಿಬಿಡಿ.

ಬೇಕಾದದ್ದು: ಕಾಗದ, ಪೆನ್, 12 ಅಂಕಿ ತೋರಿಸುವ ಕ್ಯಾಲ್ಕುಲೇಟರ್. ಕೊನೆಯ ಹಂತಗಳಿಗೆ ಪೈಥಾನ್ ಇರುವ ಒಂದು ಕಂಪ್ಯೂಟರ್ ಅಥವಾ ಫೋನ್.

1. ಯಾವ ಸಂಖ್ಯೆ ಎಂದು ಮೊದಲು ಗಟ್ಟಿ ಮಾಡಿಕೊಳ್ಳಿ

ಹತ್ತು ಅಂಕಿಯದ್ದೋ, ಮುಂದೆ 91 ಸೇರಿಸಿದ ಹನ್ನೆರಡು ಅಂಕಿಯದ್ದೋ? ಇವೆರಡೂ ಬೇರೆ ಬೇರೆ ಸಂಖ್ಯೆಗಳು. ಒಂದು ಅವಿಭಾಜ್ಯವಾದರೆ ಇನ್ನೊಂದೂ ಆಗಬೇಕೆಂದಿಲ್ಲ. ಮುಂದೆ ಸೊನ್ನೆ ಹಾಕಿದರೆ ಮಾತ್ರ ಏನೂ ಬದಲಾಗದು. ನಾನು ಇಲ್ಲಿ ಹತ್ತು ಅಂಕಿಯದ್ದನ್ನೇ ಹಿಡಿದುಕೊಂಡಿದ್ದೇನೆ.

2. ಬಿಡಿ ಸ್ಥಾನ ನೋಡಿ, ಅಂಕಿಗಳನ್ನು ಕೂಡಿ

ಕೊನೆಯ ಅಂಕಿ 0, 2, 4, 5, 6, 8 ಆಗಿದ್ದರೆ ಇಲ್ಲಿಗೇ ಮುಗಿಯಿತು, ಸಂಖ್ಯೆ ಸಂಯುಕ್ತ. 1, 3, 7, 9 ಆಗಿದ್ದರೆ ಮಾತ್ರ ಮುಂದುವರಿಯಿರಿ. ಆಮೇಲೆ ಎಲ್ಲ ಅಂಕಿಗಳನ್ನು ಕೂಡಿ. ಮೊತ್ತ 3ರ ಮಗ್ಗಿಯಲ್ಲಿ ಬಂದರೆ ಸಂಖ್ಯೆಯೂ 3ರಿಂದ ಭಾಗವಾಗುತ್ತದೆ.

ಮುಂಬಯಿಯಿಂದ ಬೆಂಗಳೂರಿಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ಸಿನ ನಂಬರ್ 11301. ಅಂಕಿಗಳ ಮೊತ್ತ 6. ಹಾಗಾಗಿ ಅದು 3 × 3767, ಅವಿಭಾಜ್ಯ ಅಲ್ಲ.

3. ಒಂದೇ ಏಟಿಗೆ 7, 11, 13

ಈ ಮೂರಕ್ಕೂ ಸೇರಿ ಒಂದು ಉಪಾಯವಿದೆ. 7 × 11 × 13 = 1001. ಸಂಖ್ಯೆಯನ್ನು ಬಲಗಡೆಯಿಂದ ಮೂರು ಮೂರು ಅಂಕಿಯ ಗುಂಪು ಮಾಡಿ. ಮೊದಲ ಗುಂಪಿನಿಂದ ಎರಡನೆಯದನ್ನು ಕಳೆಯಿರಿ, ಮೂರನೆಯದನ್ನು ಕೂಡಿ, ನಾಲ್ಕನೆಯದನ್ನು ಕಳೆಯಿರಿ. ಕೊನೆಗೆ ಉಳಿದ ಚಿಕ್ಕ ಸಂಖ್ಯೆಗೆ 7, 11 ಅಥವಾ 13ರಿಂದ ಭಾಗ ಹೋದರೆ ದೊಡ್ಡ ಸಂಖ್ಯೆಗೂ ಹೋಗುತ್ತದೆ.

ಮುಂಬಯಿಯ ಸಿ.ಎಸ್.ಎಂ.ಟಿ. ನಿಲ್ದಾಣದಿಂದ ಮಂಗಳೂರು ಜಂಕ್ಷನ್‌ಗೆ ಹೋಗುವ ಗಾಡಿ 12133. ಗುಂಪುಗಳು 133 ಮತ್ತು 12. ಕಳೆದರೆ 121. ಅದು 11 × 11, ಅಲ್ವಾ? ಹಾಗಾದರೆ 12133 ಕೂಡ 11ರಿಂದ ಭಾಗವಾಗಬೇಕು. ಆಗುತ್ತದೆ: 11 × 1103.

ಇಲ್ಲೊಂದು ಎಚ್ಚರಿಕೆ. ಕಳೆದಾಗ ಉತ್ತರ ಋಣ ಸಂಖ್ಯೆ ಬಂದರೆ ಗಾಬರಿ ಬೇಡ. ಚಿಹ್ನೆ ಬಿಟ್ಟು ಭಾಗಿಸಿ ನೋಡಿದರೆ ಸಾಕು. ಸೊನ್ನೆಯೇ ಬಂದರೆ ಮೂರರಿಂದಲೂ ಭಾಗವಾಗುತ್ತದೆ ಎಂದರ್ಥ.

4. ವರ್ಗಮೂಲದ ತನಕ ಭಾಗಿಸಿ, ಅದಕ್ಕಿಂತ ಮೊದಲು ನಿಲ್ಲಿಸಬೇಡಿ

ಬಹಳ ಜನ ತಪ್ಪುವುದು ಈ ಹಂತದಲ್ಲಿ. "ಇಪ್ಪತ್ತು ಸಲ ಭಾಗಿಸಿದೆ, ಎಲ್ಲೂ ಹೋಗಲಿಲ್ಲ, ಹಾಗಾಗಿ ಅವಿಭಾಜ್ಯ" ಎನ್ನುತ್ತಾರೆ. ಅದು ಊಹೆ, ಪುರಾವೆ ಅಲ್ಲ.

ಎಲ್ಲಿಯ ತನಕ ಹೋಗಬೇಕು? ಸಂಖ್ಯೆಯ ವರ್ಗಮೂಲದ ತನಕ. ಕಾರಣ ಸರಳ. ಒಂದು ಸಂಖ್ಯೆ ಎರಡು ಸಂಖ್ಯೆಗಳ ಗುಣಲಬ್ಧವಾದರೆ ಆ ಎರಡೂ ವರ್ಗಮೂಲಕ್ಕಿಂತ ದೊಡ್ಡದಾಗಿರಲು ಸಾಧ್ಯವಿಲ್ಲ. ಇದ್ದರೆ ಗುಣಿಸಿದಾಗ ಮೂಲ ಸಂಖ್ಯೆಯನ್ನೇ ಮೀರಿಬಿಡುತ್ತದೆ. ಅಂದರೆ ಒಂದಾದರೂ ವರ್ಗಮೂಲದ ಒಳಗೇ ಸಿಗಬೇಕು. ಅದರ ಒಳಗಿನ ಅವಿಭಾಜ್ಯಗಳಿಂದ ಮಾತ್ರ ಭಾಗಿಸಿದರೆ ಸಾಕು. 4, 6, 9ರಿಂದೆಲ್ಲ ಭಾಗಿಸುವುದು ಸುಮ್ನೆ ಕೆಲಸ.

ಕುರ್ಲಾದಿಂದ ಮಂಗಳೂರಿಗೆ ಹೋಗುವ ಮತ್ಸ್ಯಗಂಧ 12619 ತೆಗೆದುಕೊಳ್ಳಿ. ವರ್ಗಮೂಲ 112 ಮತ್ತು ಚೂರು. 109ರ ತನಕ 29 ಅವಿಭಾಜ್ಯಗಳಿವೆ. ಒಂದೊಂದೇ ಭಾಗಿಸುತ್ತಾ ಶೇಷವನ್ನು ಬರೆಯುತ್ತಾ ಹೋಗಿ. 7ಕ್ಕೆ ಶೇಷ 5. 11ಕ್ಕೆ 2. 13ಕ್ಕೆ 9. 17ಕ್ಕೆ 5. 31ಕ್ಕೆ ಮತ್ತೆ 2. 37ಕ್ಕೂ 2! ಮೂರು ಸಲ 2 ಬಂದದ್ದು ಯಾಕೆಂದರೆ 11 × 31 × 37 ಗುಣಿಸಿದರೆ 12617. ಮತ್ಸ್ಯಗಂಧ ಅದಕ್ಕಿಂತ ಎರಡೇ ಹೆಜ್ಜೆ ಮುಂದೆ. ಹೀಗೆ ಅಷ್ಟು ಹತ್ತಿರ ಹೋದರೂ ಯಾವುದಕ್ಕೂ ಸಿಕ್ಕುವುದಿಲ್ಲ. ಕೊನೆಯ 109ಕ್ಕೆ ಶೇಷ 84. ಎಲ್ಲೂ ಸೊನ್ನೆ ಬರಲಿಲ್ಲ. 12619 ಅವಿಭಾಜ್ಯ. ಇದು ಪುರಾವೆ.

ಈಗ ನಮ್ಮ ಮೈಸೂರು ಅಸೋಸಿಯೇಷನ್ ಇರುವ ಮಾಟುಂಗದ ಪಿನ್ ಕೋಡ್ ನೋಡೋಣ: 400019. ಕೊನೆಯ ಅಂಕಿ 9. ಅಂಕಿಗಳ ಮೊತ್ತ 14, 3ರಿಂದ ಹೋಗದು. 19ರಿಂದ 400 ಕಳೆದರೆ ಋಣ 381. 381 ಅನ್ನು 7, 11, 13ರಿಂದ ಭಾಗಿಸಿದರೆ ಶೇಷ 3, 7, 4. ಅಲ್ಲೂ ಹೋಗದು. 17, 19, 23... ಯಾವುದಕ್ಕೂ ಇಲ್ಲ. 97 ದಾಟಿತು, 100 ದಾಟಿತು, 200, 300 ದಾಟಿತು. ಇಷ್ಟು ಹೊತ್ತಿಗೆ ಯಾರಿಗಾದರೂ "ಇದು ಅವಿಭಾಜ್ಯವೇ" ಎಂದು ಎದ್ದು ಚಹಾ ಕುಡಿಯಲು ಹೋಗೋಣ ಅನಿಸುತ್ತದೆ. ಆದರೆ ವರ್ಗಮೂಲ 632. ಅದರ ಒಳಗೆ 115 ಅವಿಭಾಜ್ಯಗಳಿವೆ. 68ನೆಯದಕ್ಕೆ ಬಂದಾಗ ಸಿಕ್ಕಿತು:

400019 = 337 × 1187

67 ಸಲ ಸೋತು 68ನೇ ಸಲ ಗೆದ್ದ ಲೆಕ್ಕ ಇದು. 67ರಲ್ಲಿ ನಿಲ್ಲಿಸಿದ್ದರೆ ಉತ್ತರ ತಪ್ಪು. ನಾನು ಮಕ್ಕಳಿಗೆ ಇದನ್ನು ಪೂರ್ತಿ ಮಾಡಿಸುತ್ತೇನೆ. ಒಂದೊಂದು ಬೆಂಚಿಗೆ ಹತ್ತು ಹತ್ತು ಅವಿಭಾಜ್ಯ ಹಂಚಿಬಿಡುತ್ತೇನೆ. 337 ಸಿಕ್ಕಿದ ಬೆಂಚಿನಿಂದ ಕೂಗು ಬರುತ್ತದೆ.

ನೋಡಿದರೆ ಅವಿಭಾಜ್ಯದ ಹಾಗೆ ಕಾಣುವ ಚಿಕ್ಕ ಸಂಖ್ಯೆಗಳೂ ಇವೆ. 91, 119, 133, 143. ಇವನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ: 7 × 13, 7 × 17, 7 × 19, 11 × 13. ಪರೀಕ್ಷೆಯಲ್ಲಿ ಮಕ್ಕಳು ಜಾಸ್ತಿ ಅಂಕ ಕಳೆದುಕೊಳ್ಳುವುದು ಇವುಗಳಲ್ಲೇ.

ಇನ್ನು ನಿಮ್ಮ ಮೊಬೈಲ್ ನಂಬರಿಗೆ ಬನ್ನಿ. ಹತ್ತು ಅಂಕಿಯ ಸಂಖ್ಯೆಯ ವರ್ಗಮೂಲ 1 ಲಕ್ಷದ ಹತ್ತಿರ ಹೋಗಬಹುದು. 1 ಲಕ್ಷದ ಒಳಗೆ 9592 ಅವಿಭಾಜ್ಯಗಳಿವೆ. ಕ್ಯಾಲ್ಕುಲೇಟರ್ ಹಿಡಿದು ಅಷ್ಟು ಸಲ ಭಾಗಿಸಲು ಯಾರಿಗೂ ಆಗದು. ಅದಕ್ಕೇ ಮುಂದಿನ ಹಂತ.

5. ಭಾಗಿಸದೆ ಪರೀಕ್ಷಿಸಿ: ಫರ್ಮಾ ಪರೀಕ್ಷೆ

ನನಗೆ ತುಂಬ ಇಷ್ಟವಾದ ಭಾಗ ಇದು. ಒಂದು ಸಂಖ್ಯೆಯ ಅಪವರ್ತನ, ಅಂದರೆ ಅದನ್ನು ಭಾಗಿಸುವ ಸಂಖ್ಯೆ, ಒಂದೂ ಸಿಗದೆಯೇ ಅದು ಸಂಯುಕ್ತ ಎಂದು ಖಂಡಿತವಾಗಿ ಹೇಳಬಹುದು.

ಫ್ರಾನ್ಸಿನ ಗಣಿತಜ್ಞ ಪಿಯರ್ ದ ಫರ್ಮಾ 1640ರಲ್ಲಿ ಒಂದು ಪತ್ರದಲ್ಲಿ ಬರೆದ ನಿಯಮ ಇದು. ನಿಮ್ಮ ಸಂಖ್ಯೆ 2ಕ್ಕಿಂತ ದೊಡ್ಡ ಅವಿಭಾಜ್ಯವಾಗಿದ್ದರೆ, 2 ಅನ್ನು 'ಆ ಸಂಖ್ಯೆಗಿಂತ ಒಂದು ಕಡಿಮೆ' ಸಲ ಗುಣಿಸಿ, ಬಂದದ್ದನ್ನು ಆ ಸಂಖ್ಯೆಯಿಂದ ಭಾಗಿಸಿದಾಗ ಶೇಷ 1 ಬರಲೇಬೇಕು. 7ನ್ನು ನೋಡಿ. 2ರ 6ನೇ ಘಾತ 64. 7ರಿಂದ ಭಾಗಿಸಿದರೆ ಶೇಷ 1. ಘಾತ ಅಂದರೆ ಅದೇ ಸಂಖ್ಯೆಯನ್ನು ಎಷ್ಟು ಸಲ ಗುಣಿಸಿದ್ದೇವೆ ಎಂಬ ಲೆಕ್ಕ. ಶೇಷ 1 ಬರದಿದ್ದರೆ ಆ ಸಂಖ್ಯೆ ಖಂಡಿತ ಸಂಯುಕ್ತ.

ಅಷ್ಟು ದೊಡ್ಡ ಘಾತವನ್ನು ಲೆಕ್ಕ ಹಾಕುವುದು ಹೇಗೆ? ವರ್ಗ ಮಾಡುತ್ತಾ ಹೋಗಿ, ಪ್ರತಿ ಸಲ ಶೇಷ ಮಾತ್ರ ಇಟ್ಟುಕೊಳ್ಳಿ. 91ಕ್ಕೆ ಮಾಡಿ ತೋರಿಸುತ್ತೇನೆ. ನಮಗೆ ಬೇಕಾದದ್ದು 2ರ 90ನೇ ಘಾತ.

2ರ 1ನೇ ಘಾತ: 2
2ನೇ ಘಾತ: 4
4ನೇ ಘಾತ: 16
8ನೇ ಘಾತ: 256, 91ರಿಂದ ಭಾಗಿಸಿದರೆ ಶೇಷ 74
16ನೇ ಘಾತ: 74 × 74 = 5476, ಶೇಷ 16
32ನೇ ಘಾತ: 256, ಶೇಷ 74
64ನೇ ಘಾತ: ಮತ್ತೆ 16

90 = 64 + 16 + 8 + 2. ಆ ನಾಲ್ಕರ ಶೇಷಗಳನ್ನು ಗುಣಿಸಿ: 16 × 16ಕ್ಕೆ ಶೇಷ 74. ಅದನ್ನು 74ರಿಂದ ಗುಣಿಸಿದರೆ ಶೇಷ 16. ಅದನ್ನು 4ರಿಂದ ಗುಣಿಸಿದರೆ 64. ಬರಬೇಕಾದದ್ದು 1, ಬಂದದ್ದು 64. 91 ಸಂಯುಕ್ತ. 7, 13 ಎಂಬ ಹೆಸರೇ ಎತ್ತಲಿಲ್ಲ ನೋಡಿ.

ಮಾಟುಂಗದ 400019ಕ್ಕೂ ಇದೇ ರೀತಿ 18 ಸಲ ವರ್ಗ ಮಾಡಿ ನಡುನಡುವೆ ಗುಣಿಸಿದರೆ ಕೊನೆಗೆ ಬರುವ ಶೇಷ 48204. 1 ಅಲ್ಲ. 337ರ ಸುಳಿವೇ ಇಲ್ಲದೆ ಉತ್ತರ ಸಿಕ್ಕಿತು.

ಇದು ಬರೀ ಆಟವಲ್ಲ. 2ರ 67ನೇ ಘಾತದಿಂದ 1 ಕಳೆದರೆ ಬರುವ 21 ಅಂಕಿಯ ಸಂಖ್ಯೆ ಅವಿಭಾಜ್ಯ ಎಂದು 1644ರಲ್ಲಿ ಮೆರ್ಸೆನ್ ಬರೆದಿದ್ದರು. 1876ರಲ್ಲಿ ಲ್ಯೂಕಾ ಅದು ಸಂಯುಕ್ತ ಎಂದು ತೋರಿಸಿದರು, ಆದರೆ ಅಪವರ್ತನ ಅವರಿಗೂ ಸಿಗಲಿಲ್ಲ. ಅದು ಸಿಕ್ಕಿದ್ದು 1903ರಲ್ಲಿ, ಫ್ರಾಂಕ್ ನೆಲ್ಸನ್ ಕೋಲ್ ಅವರಿಗೆ: 193707721 × 761838257287. ಸಂಯುಕ್ತ ಎಂದು ಗೊತ್ತಾಗುವುದಕ್ಕೂ ಒಡೆದು ನೋಡುವುದಕ್ಕೂ ನಡುವೆ 27 ವರ್ಷ! ನಿಮ್ಮ ಬ್ಯಾಂಕಿನ ಆನ್‌ಲೈನ್ ಬೀಗಗಳಲ್ಲಿ ಬಳಸುವ ಆರ್.ಎಸ್.ಎ. ವಿಧಾನ ನಿಂತಿರುವುದೂ ಇದೇ ಅಂತರದ ಮೇಲೆ. 300ಕ್ಕೂ ಹೆಚ್ಚು ಅಂಕಿಯ ಅವಿಭಾಜ್ಯ ಹುಡುಕುವುದು ಸುಲಭ, ಅಂಥ ಎರಡನ್ನು ಗುಣಿಸಿದ್ದನ್ನು ಮತ್ತೆ ಒಡೆಯುವುದು ಬಹಳ ಕಷ್ಟ.

ಈಗ ದೊಡ್ಡ ಎಚ್ಚರಿಕೆ. ಶೇಷ 1 ಬಂದರೆ ಅವಿಭಾಜ್ಯವೇ ಎಂದು ತೀರ್ಮಾನಿಸಬೇಡಿ. 341 ಅನ್ನು ನೋಡಿ. ಶೇಷ 1 ಬರುತ್ತದೆ, ಆದರೆ ಅದು 11 × 31. ಇಂಥದ್ದಕ್ಕೆ ಹುಸಿ ಅವಿಭಾಜ್ಯ ಎನ್ನೋಣ. 2ರ ಬದಲು 3 ಇಟ್ಟು ಮಾಡಿದರೆ ಶೇಷ 56 ಬಂದು 341 ಸಿಕ್ಕಿಬೀಳುತ್ತದೆ. ಆದರೆ 561 ಇನ್ನೂ ಗಟ್ಟಿ. ಅದು 3 × 11 × 17. ಈ ಮೂರರಿಂದ ಭಾಗವಾಗದ ಯಾವ ಸಂಖ್ಯೆ ಇಟ್ಟು ಪರೀಕ್ಷಿಸಿದರೂ ಶೇಷ 1 ಬರುತ್ತದೆ. ಇಂಥವಕ್ಕೆ ಕಾರ್ಮೈಕಲ್ ಸಂಖ್ಯೆಗಳು ಎಂದು ಹೆಸರು. ರಾಮಾನುಜನ್ ಅವರಿಂದ ಹೆಸರಾದ 1729 ಕೂಡ ಅವುಗಳಲ್ಲೊಂದು. 7 × 13 × 19.

6. ಮಿಲ್ಲರ್–ರಾಬಿನ್: ಮೊಬೈಲ್ ನಂಬರಿಗೆ ಇದೇ ಸರಿ

ಫರ್ಮಾ ಪರೀಕ್ಷೆಗೆ ಒಂದು ಹೆಜ್ಜೆ ಸೇರಿಸಿದರೆ 561 ಕೂಡ ತಪ್ಪಿಸಿಕೊಳ್ಳುವುದಿಲ್ಲ. ಆಧಾರ ಇಷ್ಟೇ: ಅವಿಭಾಜ್ಯದಿಂದ ಭಾಗಿಸುವ ಲೆಕ್ಕದಲ್ಲಿ, ವರ್ಗ ಮಾಡಿದಾಗ ಶೇಷ 1 ಬಂದರೆ, ಹಿಂದಿನ ಶೇಷ 1 ಆಗಿರಬೇಕು ಅಥವಾ ಆ ಸಂಖ್ಯೆಗಿಂತ ಒಂದು ಕಡಿಮೆ ಆಗಿರಬೇಕು. ಬೇರೆ ಏನೇ ಇದ್ದರೂ ಅದು ಸಂಯುಕ್ತ.

561ಕ್ಕೆ ಮಾಡೋಣ. 1 ಕಳೆದರೆ 560. ಬೆಸ ಸಂಖ್ಯೆ ಬರುವ ತನಕ ಅರ್ಧ ಮಾಡುತ್ತಾ ಹೋಗಿ: 280, 140, 70, 35. ನಾಲ್ಕು ಸಲ ಅರ್ಧ ಆಯಿತು. ಈಗ 2ರ 35ನೇ ಘಾತದ ಶೇಷ ತೆಗೆಯಿರಿ: 263. ಇದೇ 1 ಅಥವಾ 560 ಆಗಿದ್ದರೆ ಪಾಸು. ಆಗಿಲ್ಲ. ಮೂರು ಸಲ, ಅಂದರೆ ಅರ್ಧ ಮಾಡಿದ್ದಕ್ಕಿಂತ ಒಂದು ಕಡಿಮೆ ಸಲ, ವರ್ಗ ಮಾಡಿ: 166, 67, 1. ಎಲ್ಲಾದರೂ 560 ಬಂದಿದ್ದರೆ ಪಾಸು. ಬರಲಿಲ್ಲ. 67ರಿಂದ ನೇರ 1ಕ್ಕೆ ಹಾರಿತು. ಹಾಗಾಗಿ ಸಂಯುಕ್ತ. ಅಷ್ಟೇ ಅಲ್ಲ, 67ರಿಂದ 1 ಕಳೆದು ಬರುವ 66ಕ್ಕೂ 561ಕ್ಕೂ ಸಾಮಾನ್ಯವಾದ ದೊಡ್ಡ ಅಪವರ್ತನ 33. ಅಂದರೆ 561 = 33 × 17. ಪರೀಕ್ಷೆಯ ಜೊತೆಗೆ ಅಪವರ್ತನವೂ ಕೈಗೆ ಬಂತು.

2 ಇಟ್ಟು ಪಾಸಾದರೆ ಮುಗಿಯಿತೇ? ಇಲ್ಲ. 2047 ಎಂಬ ಸಂಖ್ಯೆ ಪಾಸಾಗುತ್ತದೆ, ಆದರೂ ಅದು 23 × 89. ಅದಕ್ಕೇ ಒಂದಕ್ಕಿಂತ ಹೆಚ್ಚು ಸಲ, 2, 3, 5, 7, 11 ಎಂಬ ಐದನ್ನೂ ಇಟ್ಟು ಮಾಡಬೇಕು. ನಿಮ್ಮ ಬೆಸ ಸಂಖ್ಯೆ 11ಕ್ಕಿಂತ ದೊಡ್ಡದಾಗಿ 2152302898747ಕ್ಕಿಂತ ಚಿಕ್ಕದಾಗಿದ್ದು ಐದರಲ್ಲೂ ಪಾಸಾದರೆ ಅದು ಅವಿಭಾಜ್ಯ. 'ಬಹುಶಃ' ಅಲ್ಲ, ಖಂಡಿತ. ಈ ಮಿತಿಯೊಳಗೆ ಐದನ್ನೂ ದಾಟುವ ಸಂಯುಕ್ತ ಸಂಖ್ಯೆ ಒಂದೂ ಇಲ್ಲ ಎಂದು ಗಣಿತಜ್ಞರು ಪೂರ್ತಿ ಪರಿಶೀಲಿಸಿದ್ದಾರೆ. ಮಿತಿ 13 ಅಂಕಿಯದ್ದು. 91 ಸೇರಿಸಿದ ಮೊಬೈಲ್ ನಂಬರೂ ಅದರೊಳಗೇ ಬರುತ್ತದೆ.

9592 ಸಲ ಭಾಗಿಸುವ ಕಡೆ ಐದು ಪರೀಕ್ಷೆ!

7. ಕಂಪ್ಯೂಟರಿನಲ್ಲಿ ಮಾಡುವಾಗ

ಪೈಥಾನ್ ಬಳಸಿ. ಅದರಲ್ಲಿ ಘಾತಕ್ಕೆ 'ಪೌ' (pow) ಎಂಬ ಫಂಕ್ಷನ್ ಇದೆ. ಅದಕ್ಕೆ ಮೂರು ಸಂಖ್ಯೆ ಕೊಡಬಹುದು: ಯಾವ ಸಂಖ್ಯೆ, ಎಷ್ಟನೇ ಘಾತ, ಯಾವುದರಿಂದ ಭಾಗಿಸಬೇಕು. ಅದು ಮೇಲೆ ನಾವು ಮಾಡಿದ ಹಾಗೆಯೇ ಪ್ರತಿ ಹೆಜ್ಜೆಗೂ ಶೇಷ ಮಾತ್ರ ಇಟ್ಟುಕೊಳ್ಳುತ್ತದೆ. ಉತ್ತರ ಥಟ್ಟನೆ ಬರುತ್ತದೆ. ಮೊದಲು ಪೂರ್ತಿ ಘಾತ ತೆಗೆದು ಆಮೇಲೆ ಭಾಗಿಸಲು ಹೋಗಬೇಡಿ. ಹತ್ತು ಅಂಕಿಯ ಸಂಖ್ಯೆಗೆ ಆ ಘಾತವನ್ನು ಬರೆದಿಡಲು ಒಂದು ಜಿಬಿಯಷ್ಟು ಮೆಮೊರಿ ಬೇಕಾಗಬಹುದು. ಫೋನು ಸಿಕ್ಕಿಹಾಕಿಕೊಳ್ಳುತ್ತದೆ.

ಸಿ ಅಥವಾ ಜಾವಾ ಕಲಿಯುತ್ತಿರುವ ಕಾಲೇಜು ಮಕ್ಕಳಿಗೆ ಒಂದು ಮಾತು. ಅಲ್ಲಿ ಸಾಮಾನ್ಯವಾಗಿ ಬಳಸುವ 'ಇಂಟ್' 2147483647ರ ತನಕ ಮಾತ್ರ ಹಿಡಿಯುತ್ತದೆ. ನಮ್ಮ ಮೊಬೈಲ್ ನಂಬರುಗಳು 6, 7, 8, 9ರಿಂದ ಶುರು, ಅಂದರೆ 600 ಕೋಟಿಗೂ ಮೇಲೆ. ಅದರಲ್ಲಿ ಹಾಕಿದ ಕೂಡಲೇ ಸಂಖ್ಯೆ ಕೆಟ್ಟುಹೋಗುತ್ತದೆ. 64 ಬಿಟ್‌ನ 'ಲಾಂಗ್' ತೆಗೆದುಕೊಂಡರೂ ಮೊಬೈಲ್ ನಂಬರಿನಷ್ಟು ದೊಡ್ಡ ಶೇಷವನ್ನು ವರ್ಗ ಮಾಡುವಾಗ ಉಕ್ಕಿ ಹರಿಯುತ್ತದೆ. ತಪ್ಪು ಉತ್ತರ ಬರುತ್ತದೆ, ತಪ್ಪಾಯಿತು ಎಂದು ಯಾರೂ ಹೇಳುವುದಿಲ್ಲ. ಎಕ್ಸೆಲ್ ಕೂಡ ಮೊದಲ 15 ಅಂಕಿ ಮಾತ್ರ ಇಟ್ಟುಕೊಂಡು ಮಿಕ್ಕದ್ದನ್ನು ಸೊನ್ನೆ ಮಾಡುತ್ತದೆ.

ಅಂದ ಹಾಗೆ ಆ 2147483647 ಸ್ವತಃ ಅವಿಭಾಜ್ಯ. 2ರ 31ನೇ ಘಾತದಿಂದ 1 ಕಳೆದರೆ ಬರುವುದು ಅದೇ. ನಿಮ್ಮ ಮೊಬೈಲ್ ನಂಬರಿನಷ್ಟೇ ಉದ್ದ, ಹತ್ತು ಅಂಕಿ. 1772ರಲ್ಲಿ ಆಯ್ಲರ್ ಕೈಲೆಕ್ಕದಲ್ಲೇ ಅದನ್ನು ಸಾಧಿಸಿದರು. ವರ್ಗಮೂಲ 46340. ಆದರೆ ಅವರು ಒಂದು ವಿಷಯ ಕಂಡುಕೊಂಡಿದ್ದರು: ಈ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಇದ್ದರೆ, ಅದನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಬರಲೇಬೇಕು. 46340ರ ಒಳಗೆ ಅಂಥವು ಸುಮಾರು 370 ಮಾತ್ರ, ಅವುಗಳಲ್ಲೂ ಅವಿಭಾಜ್ಯಗಳನ್ನಷ್ಟೇ ನೋಡಿದರೆ ಸಾಕು. ಅಷ್ಟನ್ನು ಭಾಗಿಸಿ ಮುಗಿಸಿದರು. ಆ ಹೊತ್ತಿಗೆ ಅವರ ಕಣ್ಣು ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು.

ಇದೇ ಬಗೆಯ, ಅಂದರೆ 2ರ ಘಾತದಿಂದ 1 ಕಳೆದ ಅವಿಭಾಜ್ಯಗಳಿಗೆ ಮೆರ್ಸೆನ್ ಅವಿಭಾಜ್ಯ ಎಂದು ಹೆಸರು. 2024ರ ಅಕ್ಟೋಬರಿನಲ್ಲಿ ಸುದ್ದಿಯಾದ 4,10,24,320 ಅಂಕಿಗಳ ಅವಿಭಾಜ್ಯ ಕೂಡ ಇದೇ ಜಾತಿಯದು, 2ರ 136279841ನೇ ಘಾತದಿಂದ 1 ಕಳೆದದ್ದು. ಇವಕ್ಕೆ ಲ್ಯೂಕಾ–ಲೆಹ್ಮರ್ ಎಂಬ ಬೇರೆ ಪರೀಕ್ಷೆ ಇದೆ. 127ಕ್ಕೆ ಮಾಡಿ ನೋಡಿ, ಎರಡು ನಿಮಿಷದ ಕೆಲಸ. 4ರಿಂದ ಶುರು ಮಾಡಿ, ವರ್ಗ ಮಾಡಿ 2 ಕಳೆದು 127ರಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ: 4, 14, 67, 42, 111, 0. 127 ಅಂದರೆ 2ರ 7ನೇ ಘಾತದಿಂದ 1 ಕಳೆದದ್ದು. 7ಕ್ಕಿಂತ ಎರಡು ಕಡಿಮೆ, ಅಂದರೆ ಐದನೇ ಹೆಜ್ಜೆಗೆ ಸರಿಯಾಗಿ ಸೊನ್ನೆ ಬಂದರೆ ಅವಿಭಾಜ್ಯ. ಬೇರೆ ಜಾತಿಯ ಸಂಖ್ಯೆಗೆ, ನಿಮ್ಮ ಮೊಬೈಲ್ ನಂಬರಿಗೆ, ಇದು ನಡೆಯುವುದಿಲ್ಲ.

ಅವಿಭಾಜ್ಯ ಬರುವ ಸಾಧ್ಯತೆ ಎಷ್ಟು?

ಮೊಬೈಲ್ ನಂಬರಿನಷ್ಟು ದೊಡ್ಡ ಸಂಖ್ಯೆಗಳಲ್ಲಿ ಸುಮಾರು 23ಕ್ಕೆ ಒಂದು ಅವಿಭಾಜ್ಯ. ಕೊನೆಯ ಅಂಕಿ 1, 3, 7, 9 ಇದ್ದವರಿಗೆ ಸುಮಾರು 9ಕ್ಕೆ ಒಂದು. ಬೋಗಿಯಲ್ಲಿ ನಿಮ್ಮ ಜೊತೆ ಕೂತವರಲ್ಲಿ ಒಬ್ಬಿಬ್ಬರ ನಂಬರ್ ಅವಿಭಾಜ್ಯವಾಗಿದ್ದರೆ ಆಶ್ಚರ್ಯವಿಲ್ಲ.

ಆದರೆ ಪರೀಕ್ಷಿಸಲು ನಂಬರನ್ನು ಗೊತ್ತಿಲ್ಲದ ವೆಬ್‌ಸೈಟಿನಲ್ಲಿ ಹಾಕಬೇಡಿ. ಆಧಾರ್ ನಂಬರನ್ನಂತೂ ಹಾಕಲೇಬೇಡಿ. ನಿಮ್ಮ ಫೋನಿನಲ್ಲೇ, ಇಂಟರ್‌ನೆಟ್ ಇಲ್ಲದೆಯೇ, ಪೈಥಾನ್ ಇದನ್ನು ಮಾಡುತ್ತದೆ.

ಕೈ ಪಳಗಲು ಒಂದು ಲೆಕ್ಕ ಕೊಡುತ್ತೇನೆ. ಮುಂಬಯಿಯಿಂದ ಮಡಗಾಂವ್‌ಗೆ ಹೋಗುವ ಮಾಂಡವಿ ಎಕ್ಸ್‌ಪ್ರೆಸ್, 10103. ವರ್ಗಮೂಲ 100 ಮತ್ತು ಅರ್ಧ. 100ರ ಒಳಗಿನ 25 ಅವಿಭಾಜ್ಯಗಳಿಂದಲೂ ಭಾಗಿಸಬೇಕು. 37ರ ಹತ್ತಿರ ಬಂದಾಗ ನಿಧಾನವಾಗಿ ಮಾಡಿ, ಶೇಷ 2 ಬರುತ್ತದೆ, 0 ಅಲ್ಲ. ಪೆನ್ ಕೆಳಗಿಡುವುದು 97 ಮುಗಿದ ಮೇಲೆ.